ಬಿಸಿಯಾದರೆ ನಿಲ್ಲುವ ಯೆಜ್ಡಿ: ವರ್ಷಗಟ್ಟಲೆ ನಿಂತ ಗಾಡಿಯಲ್ಲಿ ದೋಷ ಹುಡುಕುವ ಕ್ರಮ

ದೋಷದ ಲಕ್ಷಣ ಇಷ್ಟು: ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ಎರಡನೆಯ ಅಥವಾ ಮೂರನೆಯ ಕಿಕ್ಕಿಗೇ ಸ್ಟಾರ್ಟ್ ಆಗುತ್ತಿತ್ತು. ಎಂಟು ಹತ್ತು ನಿಮಿಷ ಓಡಿದ ಮೇಲೆ ತಾನಾಗಿ ನಿಲ್ಲುತ್ತಿತ್ತು. ನಿಂತ ಮೇಲೆ ಎಷ್ಟು ಕಿಕ್ ಹೊಡೆದರೂ ಏಳುತ್ತಿರಲಿಲ್ಲ. ಮುಕ್ಕಾಲು ಗಂಟೆ ಆರಲು ಬಿಟ್ಟರೆ ಏನೂ ಆಗಿಯೇ ಇಲ್ಲವೆಂಬಂತೆ ಮತ್ತೆ ಸ್ಟಾರ್ಟ್ ಆಗುತ್ತಿತ್ತು.

ಗಾಡಿ 6 ವೋಲ್ಟಿನ ಡೈನಮೊ ಇರುವ ಹಳೆಯ ಯೆಜ್ಡಿ 250: ಒಂದು ಸಿಲಿಂಡರ್, ಎರಡು ಸೈಲೆನ್ಸರ್, ಟೂ ಸ್ಟ್ರೋಕ್ ಎಂಜಿನ್. ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾದದ್ದು. ತೀರ್ಥಹಳ್ಳಿ ಹತ್ತಿರದ ತೋಟದ ಮನೆಯಲ್ಲಿ ನನ್ನ ಸೋದರಮಾವ ಅದನ್ನು ಕೊನೆಯ ಬಾರಿ ಓಡಿಸಿ ಕೊಟ್ಟಿಗೆಯಲ್ಲಿ ಅಡಿಕೆ ಚೀಲಗಳ ಪಕ್ಕ ನಿಲ್ಲಿಸಿದ ಮೇಲೆ ಹದಿನಾರು ಮಳೆಗಾಲ ಕಳೆದಿದ್ದವು. ನನ್ನ ಕೈಗೆ ಬರುವ ಮೊದಲು ಅದು ಒಂದು ಗ್ಯಾರೇಜಿನಲ್ಲಿ ಮೂರು ತಿಂಗಳು ಇತ್ತು. ಅಲ್ಲಿ ಬೋರ್ ಮಾಡಿಸಿ ಹೊಸ ಪಿಸ್ಟನ್ ಹಾಕಿದ್ದರು. ಪ್ಲಗ್, ಕಾಯಿಲ್, ಕಂಡೆನ್ಸರ್, ಕಾರ್ಬ್ಯುರೇಟರಿನ ಕಿಟ್ ಎಲ್ಲವನ್ನೂ ಬದಲಿಸಿದ್ದರು. ಕೊನೆಗೆ ಮೇನ್ ಜೆಟ್ಟನ್ನೂ (ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ಬಿಡುವ ತೂತಿನ ತುಂಡು) ಒಂದು ಅಳತೆ ದೊಡ್ಡದು ಹಾಕಿ ಕಳುಹಿಸಿದ್ದರು. ಖರ್ಚು ಗಾಡಿಯ ಬೆಲೆಯ ಅರ್ಧಕ್ಕೆ ಬಂದಿತ್ತು. ಲಕ್ಷಣ ಮಾತ್ರ ಹಾಗೆಯೇ ಇತ್ತು.

ಇಂಥ ಗಾಡಿಯ ಮುಂದೆ ಕೂತಾಗ ಮೊದಲು ಒಂದು ವ್ಯತ್ಯಾಸವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ದಿನವೂ ಓಡುವ ಗಾಡಿಯಲ್ಲಿ ಭಾಗಗಳು ಸವೆದು ಕೆಡುತ್ತವೆ: ರಿಂಗ್, ಬೋರ್, ಚೈನ್, ಕ್ಲಚ್ ಪ್ಲೇಟ್. ನಿಂತ ಗಾಡಿಯಲ್ಲಿ ಭಾಗಗಳು ನಿಂತೇ ಕೆಡುತ್ತವೆ: ರಬ್ಬರ್ ಗಟ್ಟಿಯಾಗುತ್ತದೆ, ಕಾಗದದ ಪ್ಯಾಕಿಂಗ್ ಒಣಗುತ್ತದೆ, ಬೇರಿಂಗಿಗೆ ತುಕ್ಕು ಹಿಡಿಯುತ್ತದೆ, ಸ್ವಿಚ್ಚಿನ ಹಿತ್ತಾಳೆ ಹಸಿರುಗಟ್ಟುತ್ತದೆ, ಕಂಡೆನ್ಸರಿನ ಒಳಗಿನ ಪದರಕ್ಕೆ ತೇವ ಇಳಿಯುತ್ತದೆ. ಓಡಿ ಸವೆದ ಗಾಡಿಗಳನ್ನು ರಿಪೇರಿ ಮಾಡಿ ಕೈ ಪಳಗಿದ ಮೆಕ್ಯಾನಿಕ್‌ಗಳು ಅಭ್ಯಾಸಬಲದಿಂದ ಬೋರ್ ಮತ್ತು ಕಾರ್ಬ್ಯುರೇಟರಿಗೆ ಕೈ ಹಾಕುತ್ತಾರೆ. ಮಾವನ ಯೆಜ್ಡಿಗೆ ಆದದ್ದೂ ಅದೇ. ಮುಂದೆ ಬರೆದಿರುವ ಕ್ರಮ ನಿಂತು ಕೆಟ್ಟ ಭಾಗಗಳನ್ನು ಅಳತೆಯ ಮೂಲಕ ಪತ್ತೆ ಹಚ್ಚುವುದಕ್ಕೆ ಸಂಬಂಧಿಸಿದ್ದು. ಜಾವಾ, ಯೆಜ್ಡಿ ಮಾತ್ರವಲ್ಲದೆ ಅದೇ ಕಾಲದ ರಾಜ್‌ದೂತ್‌ನಂಥ ಟೂ ಸ್ಟ್ರೋಕ್ ಗಾಡಿಗಳಿಗೂ ಹೆಚ್ಚು ಕಡಿಮೆ ಅನ್ವಯಿಸುತ್ತದೆ.

ಕೊಟ್ಟಿಗೆಯಿಂದ ಹೊರಗೆ ಎಳೆದ ದಿನ

ಗಾಡಿಯನ್ನು ಇನ್ನೂ ಯಾರೂ ಮುಟ್ಟಿಲ್ಲವೆಂದಾದರೆ ಮೊದಲ ದಿನ ಕಿಕ್ ಹೊಡೆಯುವ ಆಸೆಯನ್ನು ಹತ್ತಿಕ್ಕಬೇಕು. ಪ್ಲಗ್ ಬಿಚ್ಚಿ, ಎರಡು ಚಮಚದಷ್ಟು ಟೂಟಿ ಆಯಿಲ್ (ಟೂ ಸ್ಟ್ರೋಕ್ ಗಾಡಿಯ ಪೆಟ್ರೋಲಿಗೆ ಬೆರೆಸುವ ಎಣ್ಣೆ) ಸಿಲಿಂಡರಿನೊಳಗೆ ಬಿಟ್ಟು, ಒಂದು ರಾತ್ರಿ ಬಿಡಬೇಕು. ಮರುದಿನ ಗಾಡಿಯನ್ನು ನಾಲ್ಕನೆಯ ಗೇರಿಗೆ ಹಾಕಿ ಹಿಂದಿನ ಚಕ್ರವನ್ನು ಕೈಯಿಂದ ಹಿಂದೆ ಮುಂದೆ ಸ್ವಲ್ಪ ಸ್ವಲ್ಪವೇ ಅಲ್ಲಾಡಿಸಿದರೆ ಅಂಟಿಕೊಂಡ ರಿಂಗ್ ನಿಧಾನವಾಗಿ ಬಿಡುತ್ತದೆ. ಯೆಜ್ಡಿಯಲ್ಲಿ ಕಿಕ್ಕರ್ ಮತ್ತು ಗೇರ್ ಲಿವರ್ ಎರಡೂ ಒಂದೇ ಆಗಿರುವುದರಿಂದ, ಅಂಟಿಕೊಂಡ ಎಂಜಿನ್ನಿನ ಮೇಲೆ ಮೈಭಾರ ಹಾಕಿ ಒದ್ದರೆ ಪಿಸ್ಟನ್ನಿನ ಜೊತೆಗೆ ಗೇರಿನ ಕಡೆಯ ಭಾಗಗಳಿಗೂ ಪೆಟ್ಟು ಬೀಳುತ್ತದೆ.

ಸೈಲೆನ್ಸರುಗಳೊಳಗೆ ಟಾರ್ಚ್ ಬಿಟ್ಟು ನೋಡುವುದನ್ನು ಮರೆಯಬಾರದು. ಮಲೆನಾಡಿನ ಕೊಟ್ಟಿಗೆಯಲ್ಲಿ ನಿಂತ ಯಾವ ಕೊಳವೆಯನ್ನೂ ಕುಂಬಾರ ಹುಳು ಬಿಡುವುದಿಲ್ಲ. ನಮ್ಮ ಗಾಡಿಯ ಎಡಗಡೆಯ ಸೈಲೆನ್ಸರಿನಲ್ಲಿ ಮುಷ್ಟಿ ಗಾತ್ರದ ಮಣ್ಣಿನ ಗೂಡು ಇತ್ತು. ಗ್ಯಾರೇಜಿನವರು ಅದನ್ನು ನೋಡಿರಲೇ ಇಲ್ಲ. ಎರಡು ಸೈಲೆನ್ಸರಿನ ಎಂಜಿನ್ನಿನಲ್ಲಿ ಒಂದು ಕಡೆ ಮುಚ್ಚಿದ್ದರೂ ಎಂಜಿನ್ ಓಡುತ್ತದೆ, ಆದರೆ ಉಸಿರು ಕಟ್ಟಿದಂತೆ ಓಡುತ್ತದೆ. ಎಂಜಿನ್ ಓಡುತ್ತಿರುವಾಗ ಎರಡೂ ಬಾಲಗಳ ಹಿಂದೆ ಅಂಗೈ ಹಿಡಿದು ಹೊಗೆಯ ರಭಸವನ್ನು ಹೋಲಿಸಿದರೆ ತಿಳಿದುಬಿಡುತ್ತದೆ. ಗೂಡು ತೆಗೆದ ಮೇಲೆ ಎಳೆತ ಸುಧಾರಿಸಿತು. ಬಿಸಿಗೆ ನಿಲ್ಲುವುದು ನಿಲ್ಲಲಿಲ್ಲ.

ಪೆಟ್ರೋಲಿನ ಕಡೆಯದನ್ನೂ ಇಲ್ಲೇ ಮುಗಿಸಿಬಿಡಬಹುದು. ಹಳೆಯ ಪೆಟ್ರೋಲ್ ವಾರ್ನಿಷಿನ ವಾಸನೆ ಹೊಡೆಯುತ್ತಿದ್ದರೆ ಅದನ್ನು ಹೊಸದರಲ್ಲಿ ಬೆರೆಸಿ ಬಳಸುವ ಉಳಿತಾಯ ಬೇಡ. ಟ್ಯಾಂಕ್ ತೊಳೆದ ಮೇಲೆ, ಕಾರ್ಬ್ಯುರೇಟರಿಗೆ ಹೋಗುವ ಪೈಪನ್ನು ಒಂದು ಬಾಟಲಿಗೆ ಬಿಟ್ಟು, ಟ್ಯಾಂಕಿನ ಮುಚ್ಚಳವನ್ನು ಬಿಗಿಯಾಗಿ ಹಾಕಿ, ನಿಮಿಷಕ್ಕೆ ಎಷ್ಟು ಬೀಳುತ್ತದೆಂದು ಅಳೆಯಬೇಕು. ಲೀಟರಿಗೆ 30 ಕಿ.ಮೀ. ಕೊಡುವ ಗಾಡಿ ಗಂಟೆಗೆ 60 ಕಿ.ಮೀ. ವೇಗದಲ್ಲಿ ಕುಡಿಯುವುದು ನಿಮಿಷಕ್ಕೆ ಸುಮಾರು 33 ಮಿ.ಲೀ. ಮಾತ್ರ, ಆದ್ದರಿಂದ 200 ಮಿ.ಲೀ. ಬೀಳುತ್ತಿದ್ದರೆ ಧಾರಾಳವಾಯಿತು. ಮುಖ್ಯವಾದದ್ದು, ಐದನೆಯ ನಿಮಿಷದಲ್ಲೂ ಅಷ್ಟೇ ಬೀಳಬೇಕು. ಮುಚ್ಚಳದಲ್ಲಿರುವ ಗಾಳಿಯ ತೂತು ತುಕ್ಕಿನಿಂದ ಮುಚ್ಚಿದ್ದರೆ ಟ್ಯಾಂಕಿನೊಳಗೆ ನಿರ್ವಾತ ಬೆಳೆದು ಧಾರೆ ಕ್ರಮೇಣ ಸೊರಗುತ್ತದೆ. ಆಗ ಕಾಣುವ ಲಕ್ಷಣವೂ 'ಹತ್ತು ನಿಮಿಷ ಓಡಿ ನಿಲ್ಲುವುದು' ಎಂಬುದೇ ಆಗಿರುವುದರಿಂದ ಎಷ್ಟೋ ಜನ ಕಾಯಿಲ್ ಬದಲಿಸಿ ಮೋಸ ಹೋಗುತ್ತಾರೆ. ನಿಂತ ಕೂಡಲೇ ಮುಚ್ಚಳ ತೆರೆದಾಗ ಗಾಳಿ ಒಳಗೆ ನುಗ್ಗುವ ಸದ್ದಾದರೆ ದೋಷ ಅಲ್ಲೇ ಇದೆ. ನಮ್ಮದರಲ್ಲಿ ಆ ಸದ್ದಿರಲಿಲ್ಲ, ಧಾರೆಯೂ ಸೊರಗಲಿಲ್ಲ.

ನಿಂತ ಗಳಿಗೆಯಲ್ಲೇ ನೋಡಬೇಕಾದದ್ದು

ಬಿಸಿಗೆ ಬರುವ ದೋಷವನ್ನು ತಣ್ಣಗಿರುವ ಗಾಡಿಯಲ್ಲಿ ಹುಡುಕಿದರೆ ಸಿಗುವುದಿಲ್ಲ. ಮೆಕ್ಯಾನಿಕ್ ಬರುವ ಹೊತ್ತಿಗೆ ಎಂಜಿನ್ ಆರಿರುತ್ತದೆ, ಕಿಡಿ ಬರುತ್ತದೆ, ಕಂಪ್ರೆಷನ್ ಇರುತ್ತದೆ, ಎಲ್ಲವೂ ಸರಿಯಾಗಿರುತ್ತದೆ. ಆದ್ದರಿಂದ ಪ್ಲಗ್ ಸ್ಪ್ಯಾನರ್, ಇನ್ನೊಂದು ಒಳ್ಳೆಯ ಪ್ಲಗ್, ಮಲ್ಟಿಮೀಟರ್ ಇಷ್ಟನ್ನು ಸಿದ್ಧವಾಗಿಟ್ಟುಕೊಂಡು ಮನೆಯ ಅಂಗಳದಲ್ಲೇ ಗಾಡಿಯನ್ನು ನಿಲ್ಲುವ ತನಕ ಓಡಿಸಬೇಕು, ಮತ್ತು ಅದು ಹೇಗೆ ನಿಂತಿತು ಎಂಬುದನ್ನು ಕಿವಿಗೊಟ್ಟು ಕೇಳಬೇಕು.

ಚಾವಿ ತಿರುಗಿಸಿದಂತೆ ತಟಕ್ಕನೆ ನಿಂತರೆ ಕರೆಂಟಿನ ದೋಷದ ಸಾಧ್ಯತೆ ಹೆಚ್ಚು. ಐಡಲಿಂಗ್ (ಆಕ್ಸಿಲರೇಟರ್ ಬಿಟ್ಟಾಗಿನ ಓಟ) ತಾನಾಗಿ ಏರಿ, ಎಂಜಿನ್ನಿನ ಸದ್ದು ಚೂಪಾಗಿ, ಆಮೇಲೆ ನಿಂತರೆ ಮಿಶ್ರಣ ತೆಳುವಾಗುತ್ತಿದೆ, ಅಂದರೆ ಎಲ್ಲಿಂದಲೋ ಗಾಳಿ ಸೇರುತ್ತಿದೆ ಅಥವಾ ಪೆಟ್ರೋಲ್ ಕಡಿಮೆಯಾಗುತ್ತಿದೆ. ಮುಲುಗುತ್ತ, ಹೊಗೆ ಹೆಚ್ಚಾಗುತ್ತ, ಭಾರವಾಗುತ್ತ ನಿಂತರೆ ಪೆಟ್ರೋಲ್ ಹೆಚ್ಚಾಗುತ್ತಿದೆ ಅಥವಾ ಹೊಗೆಯ ದಾರಿ ಕಟ್ಟಿದೆ. ಯಾರೋ ಬ್ರೇಕ್ ಒತ್ತಿ ಹಿಡಿದಂತೆ ಬಿಗಿದು ನಿಂತರೆ ಅದು ಸೀಜ್ ಆಗುವ, ಅಂದರೆ ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಳ್ಳುವ ಮುನ್ಸೂಚನೆ. ಆಗ ಪರೀಕ್ಷೆ ಮುಂದುವರಿಸುವುದು ಬೇಡ.

ಮಾವನ ಗಾಡಿ ನನಗೆ ಎರಡು ವಾರ ಗೊಂದಲ ಹುಟ್ಟಿಸಿದ್ದು ಇಲ್ಲೇ. ಸೋಮವಾರ ತಟಕ್ಕನೆ ನಿಲ್ಲುತ್ತಿತ್ತು. ಮಂಗಳವಾರ ಐಡಲಿಂಗ್ ಏರಿ ನಿಲ್ಲುತ್ತಿತ್ತು. ನಾನು ಒಂದು ದೋಷಕ್ಕೆ ಎರಡು ಮುಖ ಹುಡುಕುತ್ತಿದ್ದೆ. ಇದ್ದದ್ದು ಎರಡು ದೋಷ. ಹದಿನಾರು ವರ್ಷ ನಿಂತ ಗಾಡಿಯಲ್ಲಿ ಒಂದೇ ಭಾಗ ಕೆಟ್ಟು ಉಳಿದವೆಲ್ಲ ಚೆನ್ನಾಗಿರಬೇಕೆಂದು ಬಯಸುವುದೇ ಅತಿಯಾಸೆ. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಪ್ರತಿ ಸಲವೂ ಎಷ್ಟು ನಿಮಿಷಕ್ಕೆ ನಿಂತಿತು, ಹೇಗೆ ನಿಂತಿತು, ಪ್ಲಗ್ ಒದ್ದೆಯೋ ಒಣವೋ ಎಂಬುದನ್ನು ಬರೆದಿಡತೊಡಗಿದ ಮೇಲೆಯೇ ಎರಡು ಬಗೆಯ ನಿಲುಗಡೆಗಳು ಬೇರೆ ಬೇರೆಯಾಗಿ ಕಂಡವು. ತಟಕ್ಕನೆ ನಿಂತಾಗ ಪ್ಲಗ್ ಒದ್ದೆಯಾಗಿರುತ್ತಿತ್ತು, ಅಂದರೆ ಪೆಟ್ರೋಲ್ ಬರುತ್ತಿದೆ, ಕಿಡಿ ಸಾಲುತ್ತಿಲ್ಲ. ಐಡಲಿಂಗ್ ಏರಿ ನಿಂತಾಗ ಪ್ಲಗ್ ಒಣಗಿ, ತುದಿ ಬೆಳ್ಳಗಿರುತ್ತಿತ್ತು.

ಕರೆಂಟಿನ ಕಡೆ

ತಟಕ್ಕನೆ ನಿಂತ ಕೂಡಲೇ ಪ್ಲಗ್ ಬಿಚ್ಚಿ ಕ್ಯಾಪಿಗೆ ಸಿಕ್ಕಿಸಿ ಹೆಡ್ಡಿಗೆ ತಾಗಿಸಿ ಕಿಕ್ ಹೊಡೆದರೆ ಕಿಡಿ ಕಾಣುತ್ತಿತ್ತು, ಆದರೆ ಹಳದಿ ಬಣ್ಣದ, ಸಣ್ಣ ಕಿಡಿ. ಹೊರಗಿನ ಗಾಳಿಯಲ್ಲಿ ಕಿಡಿ ಬಂದಿತೆಂದು ಸಮಾಧಾನ ಪಡಬಾರದು. ಸಿಲಿಂಡರಿನೊಳಗೆ ಒತ್ತಿದ ಗಾಳಿಯ ನಡುವೆ ಹಾರಲು ಕಿಡಿಗೆ ಇನ್ನೂ ಹೆಚ್ಚಿನ ವೋಲ್ಟೇಜ್ ಬೇಕು. ಪ್ಲಗ್ಗಿನ ಬದಲು, ಹೈಟೆನ್ಷನ್ ವೈರಿನ ತುದಿಯನ್ನು ಪ್ಲಾಸ್ಟಿಕ್ ಹಿಡಿಯ ಇಕ್ಕಳದಲ್ಲಿ ಹಿಡಿದು, ಹೆಡ್ಡಿನಿಂದ 5–6 ಮಿ.ಮೀ. ದೂರದಲ್ಲಿಟ್ಟು ನೋಡುವುದು ಒಳ್ಳೆಯ ಪರೀಕ್ಷೆ. ಅಷ್ಟು ದೂರವನ್ನು ನೀಲಿ ಕಿಡಿ ಚಟಚಟನೆ ದಾಟಬೇಕು. ಪಕ್ಕದಲ್ಲಿ ಪೆಟ್ರೋಲ್ ಸೋರಿರಬಾರದೆಂದು ಬೇರೆ ಹೇಳಬೇಕಾಗಿಲ್ಲ.

ಹಳೆಯ ಯೆಜ್ಡಿಯಲ್ಲಿ ಕಿಡಿ ಬ್ಯಾಟರಿಯನ್ನು ಅವಲಂಬಿಸಿರುವುದರಿಂದ ಮೊದಲು ವೋಲ್ಟೇಜ್ ಎಲ್ಲಿ ಸೋರುತ್ತಿದೆ ಎಂದು ನೋಡಬೇಕು. ಪಾಯಿಂಟ್ (ಕಾಯಿಲಿನ ಕರೆಂಟನ್ನು ಕಡಿದು ಕಿಡಿ ಹುಟ್ಟಿಸುವ ಪುಟ್ಟ ಸ್ವಿಚ್) ಮುಚ್ಚಿರುವ ಸ್ಥಿತಿಯಲ್ಲಿ ಇಗ್ನಿಷನ್ ಹಾಕಿ, ಬ್ಯಾಟರಿಯ ತುದಿಗಳಲ್ಲಿ ಒಮ್ಮೆ, ಕಾಯಿಲಿಗೆ ಕರೆಂಟ್ ಬರುವ ತುದಿಯಲ್ಲಿ ಒಮ್ಮೆ ಅಳೆದರೆ ಎರಡರ ನಡುವೆ ಅರ್ಧ ವೋಲ್ಟಿಗಿಂತ ಹೆಚ್ಚು ವ್ಯತ್ಯಾಸ ಇರಬಾರದು. 12 ವೋಲ್ಟಿನ ಗಾಡಿಯಲ್ಲಿ ಒಂದು ವೋಲ್ಟ್ ಕಳೆದುಹೋದರೆ ನಡೆದೀತು. ಇರುವುದೇ ಆರು ಎಂದಾಗ ಒಂದು ಹೋದರೆ ಆರನೆಯ ಒಂದು ಪಾಲು ಹೋಯಿತು. ನಮ್ಮದರಲ್ಲಿ ವ್ಯತ್ಯಾಸ 1.1 ವೋಲ್ಟ್ ಇತ್ತು. ಹೆಡ್‌ಲೈಟಿನ ಡೂಮಿನ ಮೇಲಿರುವ ಸ್ವಿಚ್ಚಿನ ಹಿತ್ತಾಳೆಯ ಪಟ್ಟಿಗಳು ಹಸಿರಾಗಿದ್ದವು. ಅವನ್ನು ಉಜ್ಜಿ, ಬಿಗಿಮಾಡಿ, ಚಾಸಿಯ ಅರ್ಥಿಂಗ್ ಬೋಲ್ಟಿನ ಕೆಳಗಿನ ಬಣ್ಣ ಕೆರೆದು ಕೂರಿಸಿದ ಮೇಲೆ ವ್ಯತ್ಯಾಸ 0.3ಕ್ಕೆ ಇಳಿಯಿತು. ಕಿಡಿ ದಪ್ಪವಾಯಿತು. ಹತ್ತು ನಿಮಿಷಕ್ಕೆ ನಿಲ್ಲುತ್ತಿದ್ದದ್ದು ಹದಿನೈದಕ್ಕೆ ನಿಲ್ಲತೊಡಗಿತು. ಇಂಥ ಅರೆ ಸುಧಾರಣೆಗಳು ಮೋಸದವು. ದೋಷ ಸಿಕ್ಕಿತೆಂದು ಅಲ್ಲಿಗೇ ಕೈಬಿಡಬಾರದು.

ಆಮೇಲೆ ಪಾಯಿಂಟ್. ಇಡೀ ಬಲಗಡೆಯ ಕವರ್ ತೆಗೆದರೆ ಡೈನಮೊ, ಪಾಯಿಂಟ್, ಕಂಡೆನ್ಸರ್ ಮೂರೂ ಒಟ್ಟಿಗೆ ಕಾಣುತ್ತವೆ. ಪಾಯಿಂಟ್ ಮುಖಗಳನ್ನು ನುಣುಪಾದ ಎಮೆರಿ ಕಾಗದದಿಂದ ಉಜ್ಜಿ, ಕೊನೆಗೆ ಬರೀ ಬಿಳಿ ಕಾಗದದ ಚೂರನ್ನು ನಡುವೆ ಎಳೆದು ಪುಡಿ ತೆಗೆದು, ಪೂರ್ತಿ ತೆರೆದಾಗ 0.4 ಮಿ.ಮೀ. ಅಂತರ ಇಟ್ಟೆ. ಅಂತರ ಸರಿಯಾದ ಮೇಲೆಯೇ ಟೈಮಿಂಗ್, ಅಂದರೆ ಕಿಡಿ ಹಾರುವ ಗಳಿಗೆಯನ್ನು, ನೋಡಬೇಕು, ಏಕೆಂದರೆ ಅಂತರ ಬದಲಾದರೆ ಟೈಮಿಂಗೂ ಬದಲಾಗುತ್ತದೆ. ಈ ಎಂಜಿನ್‌ಗಳಲ್ಲಿ ಪಿಸ್ಟನ್ ಮೇಲ್ತುದಿ ಮುಟ್ಟಲು ಸುಮಾರು 3 ಮಿ.ಮೀ. ಬಾಕಿ ಇರುವಾಗ ಪಾಯಿಂಟ್ ತೆರೆಯಲು ಶುರುವಾಗಬೇಕು; ನಿಖರ ಅಳತೆಯನ್ನು ಆಯಾ ಮಾದರಿಯ ಕೈಪಿಡಿಯಿಂದಲೇ ತೆಗೆದುಕೊಳ್ಳುವುದು ಕ್ಷೇಮ.

ಕತ್ತಲಾದ ಮೇಲೆ ಕವರ್ ತೆಗೆದೇ ಎಂಜಿನ್ ಓಡಿಸಿ ನೋಡಿದಾಗ ಕಾರಣ ಕಣ್ಣಿಗೆ ಬಿತ್ತು. ಮೊದಲ ಐದು ನಿಮಿಷ ಪಾಯಿಂಟ್‌ಗಳ ನಡುವೆ ಸೂಜಿಮೊನೆಯಷ್ಟು ಬೆಳಕು. ಎಂಜಿನ್ ಬಿಸಿಯಾದಂತೆ ಅದು ಬೆಳೆದು, ನಿಲ್ಲುವ ಸ್ವಲ್ಪ ಮೊದಲು ಬೆಂಕಿಕಡ್ಡಿ ಗೀರಿದಂತೆ ಉರಿಯತೊಡಗಿತು. ಪಾಯಿಂಟ್ ತೆರೆದಾಗ ಕರೆಂಟ್ ಅಲ್ಲೇ ಜಿಗಿದು ವ್ಯರ್ಥವಾಗದಂತೆ ಕಂಡೆನ್ಸರ್ ತಡೆಯಬೇಕು. ಅಲ್ಲಿ ದೊಡ್ಡ ಕಿಡಿ ಹಾರುತ್ತಿದ್ದರೆ ಪ್ಲಗ್ಗಿಗೆ ಹೋಗಬೇಕಾದದ್ದು ಅಲ್ಲೇ ಮುಗಿಯುತ್ತಿದೆ ಎಂದರ್ಥ. ಕಂಡೆನ್ಸರ್ ಬಿಚ್ಚಿ ತಣ್ಣಗೆ ಅಳೆದಾಗ 0.22 ಮೈಕ್ರೊಫ್ಯಾರಡ್, ಹೆಸರಿಡುವಂತಿಲ್ಲ. ಪ್ಲಾಸ್ಟಿಕ್ ಚೀಲದಲ್ಲಿ ನೀರು ತಾಗದಂತೆ ಕಟ್ಟಿ, ಕುದಿನೀರಿನಲ್ಲಿ ಹತ್ತು ನಿಮಿಷ ಇಟ್ಟು, ಓಮ್ ಅಳೆದಾಗ ಮುಳ್ಳು ಅನಂತಕ್ಕೆ ಏರದೆ ಕೆಲವೇ ಹತ್ತು ಸಾವಿರ ಓಮ್‌ಗಳಲ್ಲಿ ನಿಂತುಬಿಟ್ಟಿತು. ಮೀಟರಿನ ಸಣ್ಣ ಬ್ಯಾಟರಿಗೇ ಇಷ್ಟು ಸೋರುವ ಕಂಡೆನ್ಸರ್, ಪಾಯಿಂಟ್ ತೆರೆದ ಕ್ಷಣ ಹುಟ್ಟುವ ಇನ್ನೂರು ಮುನ್ನೂರು ವೋಲ್ಟಿನ ಮುಂದೆ ತಡೆದು ನಿಲ್ಲುವುದಿಲ್ಲ.

ಆದರೆ ಅದು ಗ್ಯಾರೇಜಿನವರು ಹಾಕಿದ 'ಹೊಸ' ಕಂಡೆನ್ಸರ್ ಆಗಿತ್ತು. ಅವರು ಸುಳ್ಳು ಹೇಳಿರಲಿಲ್ಲ. ಹಳೆಯ ಸ್ಟಾಕಿನ, ಕಂಪನಿಯ ಪೊಟ್ಟಣದಲ್ಲೇ ಇದ್ದ ಭಾಗವನ್ನು ಹೆಚ್ಚು ಹಣ ಕೊಟ್ಟು ತಂದು ಹಾಕಿದ್ದರು. ಮೈಸೂರಿನ ಕಾರ್ಖಾನೆಯಲ್ಲಿ 1961ರಲ್ಲಿ ಆರಂಭವಾದ ತಯಾರಿಕೆ 1996ರಲ್ಲಿ ನಿಂತುಹೋಯಿತು. ಅಂದಮೇಲೆ ಪೊಟ್ಟಣ ಒಡೆಯದ 'ಒರಿಜಿನಲ್' ಕಂಡೆನ್ಸರ್ ಕೂಡ ಯಾವುದೋ ಅಂಗಡಿಯ ಕಪಾಟಿನಲ್ಲಿ ಮೂರು ದಶಕದ ಹತ್ತಿರ ಹತ್ತಿರ ನಿಂತೇ ಇತ್ತು. ಗಾಡಿ ಕೊಟ್ಟಿಗೆಯಲ್ಲಿ ನಿಂತದ್ದಕ್ಕಿಂತ ಹೆಚ್ಚು ವರ್ಷ. ಕಬ್ಬಿಣದ, ಉಕ್ಕಿನ, ಹಿತ್ತಾಳೆಯ ಭಾಗಗಳಾದರೆ ಹಳೆಯ ಸ್ಟಾಕನ್ನು ಕಣ್ಣಿಗೊತ್ತಿಕೊಂಡು ತರಬಹುದು, ಇಂದಿನ ನಕಲಿಗಿಂತ ಅವೇ ಮೇಲು. ಕಂಡೆನ್ಸರ್, ರಬ್ಬರ್ ಸೀಲ್, ಡಯಾಫ್ರಾಮ್, ಪೈಪ್, ಟಯರ್ ಇವನ್ನು ಮಾತ್ರ ಎಷ್ಟೇ ಒರಿಜಿನಲ್ ಆದರೂ ಹಳೆಯದರಲ್ಲಿ ಕೊಳ್ಳಬಾರದು. ಇತ್ತೀಚೆಗೆ ತಯಾರಾದ, ಬೇರೆ ಗಾಡಿಯ, ಅದೇ ಅಳತೆಯ ಕಂಡೆನ್ಸರನ್ನು ಕೂರಿಸಿದ ಮೇಲೆ ತಟಕ್ಕನೆ ನಿಲ್ಲುವುದು ಪೂರ್ತಿ ಹೋಯಿತು.

ಉಳಿದ ದೋಷ

ಈಗ ಗಾಡಿ ಪ್ರತಿ ಸಲವೂ ಒಂದೇ ರೀತಿ ನಿಲ್ಲುತ್ತಿತ್ತು: ಐಡಲಿಂಗ್ ಏರಿ, ಪ್ಲಗ್ ಬೆಳ್ಳಗಾಗಿ. ವಿಚಿತ್ರವೆಂದರೆ ನಂಜನಗೂಡು ರಸ್ತೆಯಲ್ಲಿ ವೇಗವಾಗಿ ಓಡಿಸಿ ಅಲ್ಲೇ ಇಗ್ನಿಷನ್ ಆರಿಸಿ ನೋಡಿದರೆ ಪ್ಲಗ್ ಕಪ್ಪಗೆ ಮಸಿ ಹಿಡಿದಿರುತ್ತಿತ್ತು. ಸಿಗ್ನಲ್ಲಿನಲ್ಲಿ ಹತ್ತು ನಿಮಿಷ ನಿಂತು ನೋಡಿದರೆ ಬೆಳ್ಳಗಿರುತ್ತಿತ್ತು. ಒಂದೇ ಗಾಡಿಯಲ್ಲಿ ಮಿಶ್ರಣ ದಪ್ಪವೂ ತೆಳುವೂ ಆಗುವುದು ಹೇಗೆ?

ಗಾಳಿ ಸೋರುವ ತೂತಿನ ಗಾತ್ರ ಬದಲಾಗುವುದಿಲ್ಲ. ಎಂಜಿನ್ ಪೂರ್ತಿ ತೆರೆದ ಕಾರ್ಬ್ಯುರೇಟರಿನಿಂದ ಬೇಕಾದಷ್ಟು ಗಾಳಿ ಎಳೆಯುತ್ತಿರುವಾಗ ಆ ಸೋರಿಕೆ ಸಮುದ್ರಕ್ಕೆ ಚೊಂಬು ನೀರು ಸುರಿದಂತೆ. ಐಡಲಿಂಗ್‌ನಲ್ಲಿ ಎಂಜಿನ್ ಗುಟುಕು ಗುಟುಕಾಗಿ ಉಸಿರಾಡುವಾಗ ಅದೇ ಸೋರಿಕೆ ಅರ್ಧದಷ್ಟು ಪಾಲಾಗಿಬಿಡುತ್ತದೆ. ವೇಗದಲ್ಲಿ ಕಂಡ ಮಸಿಗೆ ಕಾರಣ ಗ್ಯಾರೇಜಿನವರು ಹಾಕಿದ ದೊಡ್ಡ ಮೇನ್ ಜೆಟ್. ಅವರು ತೆಳು ಮಿಶ್ರಣದ ಲಕ್ಷಣವನ್ನು ಸರಿಯಾಗಿಯೇ ಗುರುತಿಸಿದ್ದರು. ಗಾಳಿ ಎಲ್ಲಿಂದ ಬರುತ್ತಿದೆ ಎಂದು ಕೇಳುವ ಬದಲು ಪೆಟ್ರೋಲ್ ಹೆಚ್ಚಿಸಿ ದೋಷದ ಮೇಲೆ ಚಾಪೆ ಹಾಸಿದ್ದರು. ಆ ಜೆಟ್ ತೆಗೆದು ಮೂಲ ಅಳತೆಯದನ್ನು ಹಾಕಿದೆ. ಲಕ್ಷಣ ಇನ್ನಷ್ಟು ಜೋರಾಯಿತು. ಹುಡುಕುವವನಿಗೆ ಅದು ಒಳ್ಳೆಯದೇ.

ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ ಕ್ರ್ಯಾಂಕ್‌ಕೇಸ್ ಕೂಡ ಒಂದು ಪಂಪ್. ಪಿಸ್ಟನ್ ಮೇಲೇರುವಾಗ ಕೆಳಗೆ ನಿರ್ವಾತ ಉಂಟಾಗಿ ಕಾರ್ಬ್ಯುರೇಟರಿನಿಂದ ಮಿಶ್ರಣ ಒಳಗೆ ಬರುತ್ತದೆ; ಪಿಸ್ಟನ್ ಇಳಿಯುವಾಗ ಅದು ಒತ್ತಿ ಸಿಲಿಂಡರಿಗೆ ಏರುತ್ತದೆ. ಕ್ರ್ಯಾಂಕ್ ಶಾಫ್ಟ್ ಕೇಸಿನಿಂದ ಹೊರಬರುವ ಎರಡೂ ಕಡೆ ಒಂದೊಂದು ಆಯಿಲ್ ಸೀಲ್ ಈ ಪಂಪನ್ನು ಮುಚ್ಚಿಡುತ್ತದೆ. ಯೆಜ್ಡಿಯಲ್ಲಿ ಎಡಗಡೆಯ ಸೀಲಿನ ಆಚೆ ಕ್ಲಚ್ ಮತ್ತು ಗೇರಿನ ಆಯಿಲ್ ಇದೆ. ಅದು ಹೋದರೆ ಎಂಜಿನ್ ಗೇರ್ ಆಯಿಲ್ ಕುಡಿಯುತ್ತದೆ, ರಸ್ತೆ ತುಂಬ ಹೊಗೆ ಬರುತ್ತದೆ, ಆಯಿಲ್ ಮಟ್ಟ ವಾರ ವಾರಕ್ಕೆ ಇಳಿಯುತ್ತದೆ. ಇದು ಎಲ್ಲರಿಗೂ ಗೊತ್ತಾಗುತ್ತದೆ. ಬಲಗಡೆಯ ಸೀಲಿನ ಆಚೆ ಇರುವುದು ಡೈನಮೊ ಮತ್ತು ಬರೀ ಗಾಳಿ. ಅದು ಹೋದರೆ ಹೊಗೆ ಇಲ್ಲ, ಸೋರಿಕೆ ಇಲ್ಲ, ಕಲೆ ಇಲ್ಲ. ಎಂಜಿನ್ ಮಾತ್ರ ಬಿಸಿಯಾಗುತ್ತದೆ, ಕೊನೆಗೊಂದು ದಿನ ಸೀಜ್ ಆಗುತ್ತದೆ. ಕಂಪ್ರೆಷನ್ ಗೇಜ್ ಹಾಕಿ 'ಚೆನ್ನಾಗಿದೆ' ಎನ್ನುವವರು ಅಳೆಯುತ್ತಿರುವುದು ಪಿಸ್ಟನ್ನಿನ ಮೇಲಿನ ಒತ್ತಡವನ್ನು. ಕೆಳಗಿನದನ್ನು ಆ ಗೇಜ್ ತೋರಿಸುವುದಿಲ್ಲ.

ತಣ್ಣಗಿರುವಾಗ ಸರಿಯಾಗಿದ್ದು ಬಿಸಿಯಾದಾಗ ಏಕೆ ಸೋರಬೇಕು? ಗಟ್ಟಿಯಾದ ಸೀಲಿನ ತುಟಿ ಶಾಫ್ಟಿಗೆ ಒತ್ತಿ ಕೂರುವುದಿಲ್ಲ. ಎಂಜಿನ್ ತಣ್ಣಗಿರುವಾಗ ದಪ್ಪನೆಯ ಎಣ್ಣೆಯ ಪದರ ಆ ಸಂದನ್ನು ಹೇಗೋ ಮುಚ್ಚುತ್ತದೆ. ಬಿಸಿಗೆ ಎಣ್ಣೆ ನೀರಾದಾಗ ಸಂದು ತೆರೆದುಕೊಳ್ಳುತ್ತದೆ.

ಬಿಪಿ ನೋಡುವ ಉಪಕರಣದಿಂದ ಎಂಜಿನ್ ಪರೀಕ್ಷೆ

ಇದನ್ನು ಊಹೆಯಿಂದ ತೀರ್ಮಾನಿಸಬೇಕಾಗಿಲ್ಲ. ಮನೆಯಲ್ಲಿ ಬಳಸದೆ ಬಿದ್ದಿರುವ, ಮುಳ್ಳಿನ ಡಯಲ್ ಇರುವ ಬಿಪಿ ಉಪಕರಣ ಸಾಕು. ಅದರ ಡಯಲ್ಲಿನ ಕೊನೆಯ ಅಂಕಿ 300 ಮಿ.ಮೀ. ಪಾದರಸ, ಅಂದರೆ ಸುಮಾರು 0.4 ಬಾರ್, ಕ್ರ್ಯಾಂಕ್‌ಕೇಸ್ ಪರೀಕ್ಷೆಗೆ ಬೇಕಾದ ಒತ್ತಡವೂ ಇಷ್ಟೇ. ಟಯರಿಗೆ ಗಾಳಿ ಹಾಕುವ ಪಂಪನ್ನು ಬಳಸಿದರೆ ಚೆನ್ನಾಗಿರುವ ಸೀಲೂ ಜಾಗ ಬಿಟ್ಟು ಹೊರಬಂದೀತು.

ಕಾರ್ಬ್ಯುರೇಟರ್ ಬಿಚ್ಚಿ ಆ ಜಾಗಕ್ಕೆ ಟಯರ್ ಟ್ಯೂಬಿನ ರಬ್ಬರ್ ತುಂಡು, ಅದರ ಮೇಲೆ ತಗಡಿನ ಪಟ್ಟಿ ಇಟ್ಟು ಬೋಲ್ಟ್ ಬಿಗಿಯಬೇಕು. ಎರಡೂ ಸೈಲೆನ್ಸರ್ ಕೊಳವೆಗಳನ್ನು ತೆಗೆದು ಸಿಲಿಂಡರಿನ ಬಾಯಿಗಳಿಗೆ ರಬ್ಬರ್ ಬಿರಡೆ ಬಿಗಿಯಬೇಕು. ಹಳೆಯ ಪ್ಲಗ್ಗಿನ ಪಿಂಗಾಣಿ ಒಡೆದು ತೆಗೆದು, ಉಳಿದ ಉಕ್ಕಿನ ಕವಚಕ್ಕೆ ಸಣ್ಣ ನಳಿಕೆ ಬೆಸೆಸಿ, ಅದನ್ನು ಪ್ಲಗ್ಗಿನ ಜಾಗಕ್ಕೆ ತಿರುಗಿಸಿ ಬಿಪಿಯ ರಬ್ಬರ್ ಪೈಪನ್ನು ಸಿಕ್ಕಿಸಬೇಕು. ಪಿಸ್ಟನ್ ಪೂರ್ತಿ ಕೆಳಗಿರಬೇಕು. ಆಗ ಮಾತ್ರ ಸಿಲಿಂಡರಿಗೂ ಕ್ರ್ಯಾಂಕ್‌ಕೇಸಿಗೂ ನಡುವಿನ ದಾರಿ ತೆರೆದಿರುತ್ತದೆ. ಸಾಧ್ಯವಾದರೆ ಎಂಜಿನ್ ಇನ್ನೂ ಬೆಚ್ಚಗಿರುವಾಗಲೇ ಪರೀಕ್ಷೆ ನಡೆಸಬೇಕು. ಮುಳ್ಳನ್ನು 250ಕ್ಕೆ ಏರಿಸಿ ಕೈಬಿಟ್ಟರೆ ಒಂದು ನಿಮಿಷದಲ್ಲಿ ಅದು 50ಕ್ಕಿಂತ ಹೆಚ್ಚು ಇಳಿಯಬಾರದು.

ನಮ್ಮದು ಹದಿನೈದು ಸೆಕೆಂಡಿಗೆ 250ರಿಂದ 100ಕ್ಕೆ ಇಳಿಯಿತು. ಸೋಪಿನ ನೀರನ್ನು ಬ್ರಷ್ಷಿನಿಂದ ಎಲ್ಲ ಜೋಡಣೆಗಳಿಗೂ ಹಚ್ಚುತ್ತ ಬಂದೆ. ಹೆಡ್ಡಿನ ಬಳಿ ಏನೂ ಇಲ್ಲ. ಸಿಲಿಂಡರಿನ ಬುಡದ ಪ್ಯಾಕಿಂಗಿನಲ್ಲಿ ಸಣ್ಣ ನೊರೆ. ಎಡಗಡೆಯದನ್ನು ನೋಡಲು ಗೇರ್ ಆಯಿಲ್ ಹಾಕುವ ತೂತಿನ ಮೇಲೆ ಸೋಪಿನ ಪೊರೆ ಎಳೆದೆ. ಅದು ಉಬ್ಬಲಿಲ್ಲ, ಆದ್ದರಿಂದ ಆ ಸೀಲ್ ಆ ಮಟ್ಟಿಗೆ ಸರಿ. ಡೈನಮೊ ಬಿಚ್ಚಿ ಬಲಗಡೆಯ ಸೀಲಿಗೆ ಹಚ್ಚಿದಾಗ ಹಾಲು ಉಕ್ಕಿದಂತೆ ಗುಳ್ಳೆಗಳು ಎದ್ದವು. ಡೈನಮೊದ ಆರ್ಮೇಚರ್ ಶಾಫ್ಟಿನ ತುದಿಗೆ ಬಿಗಿಯಾಗಿ ಕೂತಿರುತ್ತದೆ. ಎಳೆಯುವ ಬೋಲ್ಟ್ ಬಳಸಿಯೇ ಬಿಡಿಸಬೇಕು, ಸುತ್ತಿಗೆ ಹಿಡಿದರೆ ಶಾಫ್ಟ್ ಬಾಗುತ್ತದೆ.

ಬಿಚ್ಚಿದಾಗ ಕಂಡದ್ದು

ಒಂದು ಸೀಲ್ ಬದಲಿಸಿ ಮುಗಿಸುವ ಆಸೆ ನನಗೂ ಇತ್ತು. ಆದರೆ ಪ್ಲಗ್ ತೆಗೆದು ಕ್ರ್ಯಾಂಕನ್ನು ಬೆರಳಿನಿಂದ ನಿಧಾನವಾಗಿ ತಿರುಗಿಸಿದಾಗ ಬೇರಿಂಗಿನಲ್ಲಿ ಮರಳು ಸಿಕ್ಕಿದಂತೆ ತಾಗುತ್ತಿತ್ತು. ಟೂ ಸ್ಟ್ರೋಕಿನ ಕ್ರ್ಯಾಂಕ್ ಬೇರಿಂಗಿಗೆ ಪೆಟ್ರೋಲಿನಲ್ಲಿ ಬೆರೆತು ಬರುವ ಎಣ್ಣೆಯೇ ಮುಖ್ಯ ಆಧಾರ. ನಿಂತ ಗಾಡಿಯಲ್ಲಿ ಪೆಟ್ರೋಲ್ ಆರಿ, ಎಣ್ಣೆ ತಳಕ್ಕೆ ಇಳಿದು, ಮಳೆಗಾಲದ ತೇವ ಮೇಲ್ಭಾಗದ ಗುಂಡುಗಳ ಮೇಲೆ ಕೂರುತ್ತದೆ. ಎಂಜಿನ್ ಇಳಿಸಿ ಕೇಸ್ ಬಿಡಿಸಿದಾಗ ಬೇರಿಂಗಿನ ಮೇಲರ್ಧದ ಗುಂಡುಗಳಲ್ಲಿ ಮಾತ್ರ ತುಕ್ಕಿನ ಚುಕ್ಕೆಗಳಿದ್ದವು, ಕೆಳಗಿನವು ಕನ್ನಡಿಯಂತಿದ್ದವು. ಕನೆಕ್ಟಿಂಗ್ ರಾಡನ್ನು ಮೇಲೆ ಕೆಳಗೆ ಎಳೆದು ನೋಡಿದಾಗ ಆಟ ಇರಲಿಲ್ಲ; ಇದ್ದಿದ್ದರೆ ಕ್ರ್ಯಾಂಕನ್ನೇ ಲೇತಿಗೆ ಕಳುಹಿಸಬೇಕಾಗುತ್ತಿತ್ತು. ಕೇಸಿನ ಎರಡು ಹೋಳುಗಳ ನಡುವೆ ಸ್ಕ್ರೂಡ್ರೈವರ್ ತುರುಕಿ ಮೀಟಬಾರದು, ಅಲ್ಲೊಂದು ಗೀರು ಬಿದ್ದರೆ ಅದೇ ಮುಂದಿನ ಸೋರಿಕೆ.

ಬಲಗಡೆಯ ಸೀಲ್ ಉಗುರಿನಿಂದ ಒತ್ತಿದರೆ ಮುರಿಯುವಷ್ಟು ಗಟ್ಟಿಯಾಗಿತ್ತು. ಅದಕ್ಕಿಂತ ಮುಖ್ಯವಾದದ್ದು ಶಾಫ್ಟಿನ ಮೇಲೆ, ತುಟಿ ಹದಿನಾರು ವರ್ಷ ತಾಗಿ ನಿಂತಿದ್ದ ಜಾಗದಲ್ಲಿ, ಕೂದಲೆಳೆಯಷ್ಟು ಅಗಲದ ತುಕ್ಕಿನ ಉಂಗುರ. ಇದನ್ನು ಹಾಗೇ ಬಿಟ್ಟು ಹೊಸ ಸೀಲ್ ಹಾಕಿದರೆ ಅದರ ತುಟಿಯನ್ನು ತುಕ್ಕು ಕೆಲವೇ ದಿನಗಳಲ್ಲಿ ಅರೆದುಹಾಕುತ್ತದೆ. ನುಣುಪಾದ ಎಮೆರಿ ಪಟ್ಟಿಯನ್ನು ಎಣ್ಣೆಯಲ್ಲಿ ಅದ್ದಿ, ಮಜ್ಜಿಗೆ ಕಡೆಯುವ ಹಗ್ಗ ಎಳೆಯುವಂತೆ ಶಾಫ್ಟಿನ ಸುತ್ತ ಎಳೆದು ಉಜ್ಜಿದೆ. ಉದ್ದಕ್ಕೆ ಉಜ್ಜಿದರೆ ಗೀರುಗಳೇ ಗಾಳಿಗೆ ಕಾಲುವೆಯಾಗುತ್ತವೆ. ಉಳಿದ ಸಣ್ಣ ಗುಳಿ ತುಟಿಗೆ ಸಿಗದಂತೆ ಹೊಸ ಸೀಲನ್ನು ಒಂದು ಮಿ.ಮೀ. ಹೊರಕ್ಕೆ ಕೂರಿಸಿದೆ. ಸೀಲುಗಳನ್ನು ಯೆಜ್ಡಿಯ ಹೆಸರಿನಲ್ಲಿ ಕೇಳದೆ, ವರ್ನಿಯರಿನಲ್ಲಿ ಅಳೆದ ಒಳವ್ಯಾಸ, ಹೊರವ್ಯಾಸ, ದಪ್ಪ ಈ ಮೂರು ಅಂಕಿ ಬರೆದುಕೊಂಡು ಬೆಂಗಳೂರಿನ ಜೆ.ಸಿ. ರಸ್ತೆಯ ಬೇರಿಂಗ್ ಅಂಗಡಿಯಲ್ಲಿ ಕೇಳಿದೆ. ಇತ್ತೀಚಿನ ತಯಾರಿಯ ವೈಟಾನ್ (ಪೆಟ್ರೋಲ್, ಎಥನಾಲ್ ತಾಳುವ ಬಗೆಯ ರಬ್ಬರ್) ಸೀಲುಗಳು ಸಿಕ್ಕವು. 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲೇ ಬಿಡುಗಡೆಯಾದ, ಶೇ 20ರಷ್ಟು ಎಥನಾಲ್ ಬೆರೆತ ಪೆಟ್ರೋಲನ್ನೇ ಇನ್ನು ಈ ಎಂಜಿನ್ ಕುಡಿಯಬೇಕಾಗಿರುವುದರಿಂದ ಸ್ವಲ್ಪ ಹೆಚ್ಚು ಬೆಲೆ ಕೊಟ್ಟರೂ ವೈಟಾನ್ ಮೇಲೆಂದು ನನಗೆ ಅನಿಸಿತು. ಅದೇ ಕಾರಣಕ್ಕೆ ಪೆಟ್ರೋಲ್ ಪೈಪನ್ನೂ ಟ್ಯಾಂಕಿನ ಕಾಕಿನ (ಪೆಟ್ರೋಲ್ ನಲ್ಲಿಯ) ವಾಷರನ್ನೂ ಬದಲಿಸಿದೆ. ಕೇಸ್ ಬಿಚ್ಚಿದ್ದೇ ಆಗಿದ್ದರಿಂದ ಎಡಗಡೆಯ ಸೀಲ್, ಬೇರಿಂಗುಗಳು, ಎಲ್ಲ ಪ್ಯಾಕಿಂಗ್‌ಗಳೂ ಹೊಸವು ಬಂದವು.

ಜೋಡಿಸಿದ ಮೇಲೆ

ಎಂಜಿನ್ನನ್ನು ಚಾಸಿಗೆ ಏರಿಸುವ ಮೊದಲೇ ಬಿಪಿ ಪರೀಕ್ಷೆಯನ್ನು ಮತ್ತೆ ಮಾಡಬೇಕು; ಏರಿಸಿದ ಮೇಲೆ ಸೋರಿಕೆ ಕಂಡರೆ ಒಂದು ದಿನದ ಕೆಲಸ ದಂಡ. ಈ ಸಲ ಮುಳ್ಳು ಒಂದು ನಿಮಿಷದಲ್ಲಿ 250ರಿಂದ 235ಕ್ಕೆ ಬಂದು ನಿಂತಿತು. ಮೊದಲ ಟ್ಯಾಂಕಿಗೆ ಲೀಟರಿಗೆ 50 ಮಿ.ಲೀ. ಟೂಟಿ ಆಯಿಲ್ ಬೆರೆಸಿ, ಆಮೇಲೆ 40ಕ್ಕೆ ಇಳಿಸಿದೆ. ಮೇನ್ ಜೆಟ್ ಮೂಲ ಅಳತೆಯದೇ.

ಮೂರನೆಯ ವಾರ ಚಾಮುಂಡಿ ಬೆಟ್ಟ ಹತ್ತಿಸಿದೆ. ಏರಿನ ಮೇಲೆ ಎಂಜಿನ್ ಕಾದಷ್ಟು ಬೇರೆಲ್ಲೂ ಕಾಯುವುದಿಲ್ಲ. ಮೇಲೆ ತಲುಪಿದ ಕೂಡಲೇ ಆರಿಸದೆ ಹತ್ತು ನಿಮಿಷ ಐಡಲಿಂಗ್‌ನಲ್ಲಿ ಬಿಟ್ಟೆ, ಸದ್ದು ಏರಲಿಲ್ಲ. ಆರಿಸಿ ಪ್ಲಗ್ ಬಿಚ್ಚಿದಾಗ ತುದಿ ಕಾಫಿಪುಡಿಯ ಬಣ್ಣಕ್ಕಿತ್ತು. ಪ್ಲಗ್ ಹಾಕಿ, ಸಿಲಿಂಡರಿನಿಂದ ಇನ್ನೂ ಝಳ ಏಳುತ್ತಿರುವಾಗಲೇ ಒಂದು ಕಿಕ್ ಹೊಡೆದೆ, ಸ್ಟಾರ್ಟ್ ಆಯಿತು. ಇನ್ನೂರು ಕಿ.ಮೀ. ಆದ ಮೇಲೆ ಗೇರ್ ಆಯಿಲ್ ಮಟ್ಟ ನೋಡಿದೆ, ಇಳಿದಿರಲಿಲ್ಲ. ಐಡಲಿಂಗ್‌ನಲ್ಲಿ ಹೆಡ್‌ಲೈಟ್ ಮಂಕಾಗುವುದು ಮಾತ್ರ ಉಳಿದಿದೆ. ಡೈನಮೊದ ಕಾರ್ಬನ್ ಬ್ರಷ್ ಸವೆದಿರುವುದನ್ನು ಬಿಚ್ಚಿದಾಗಲೇ ಕಂಡಿದ್ದೆ, ಮುಂದಿನ ಭಾನುವಾರ ಅದನ್ನು ಬದಲಿಸಬೇಕು.